ಎರಡು ನಿಮಿಷಕ್ಕೊಂದು ಚಮಚ: ಎಳೆ ಮಕ್ಕಳ ವಾಂತಿ ಭೇದಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ

2025ರ ಜನವರಿ. ರಾತ್ರಿ ಎರಡು ಗಂಟೆಗೆ ಬೆಂಗಳೂರಿನಿಂದ ಮಗಳ ಫೋನ್. "ಅಮ್ಮಾ, ಚಿನ್ನು ಸಂಜೆಯಿಂದ ಏಳು ಸಲ ಕಕ್ಕ ಮಾಡಿದ. ಬರೀ ನೀರು. ಕುಡಿಸಿದ್ದೆಲ್ಲ ವಾಂತಿ ಮಾಡ್ತಿದ್ದಾನೆ."

"ಉಚ್ಚೆ ಯಾವಾಗ ಹೊಯ್ದ?" ಅಂದೆ.

"ನಾನು ಭೇದಿ ಅಂತಿದ್ರೆ ನೀನು ಉಚ್ಚೆ ಕೇಳ್ತೀಯಲ್ಲಮ್ಮ!"

ಅವಳಿಗೆ ಸಿಟ್ಟು ಬಂತು. ಬರಲಿ ಬಿಡಿ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ 27 ವರ್ಷ ಸಿಸ್ಟರ್ ಆಗಿದ್ದವಳು ನಾನು. ವಾಂತಿ ಭೇದಿ ಅಂದ ಕೂಡಲೇ ನನ್ನ ಬಾಯಿಗೆ ಬರುವ ಮೊದಲ ಪ್ರಶ್ನೆ ಅದೇ. ಭೇದಿ ಎಷ್ಟು ಸಲ ಆಯಿತು ಅಂತ ಮನೆಮಂದಿಯೆಲ್ಲ ಲೆಕ್ಕ ಇಡುತ್ತಾರೆ. ಮಗು ಎಷ್ಟು ಕುಡಿಯಿತು, ಎಷ್ಟು ಹೊತ್ತಿಗೆ ಉಚ್ಚೆ ಹೊಯ್ದಿತು ಅಂತ ನೋಡುವವರು ಕಡಿಮೆ. ವೈರಸ್ಸಿನಿಂದ ಬರುವ ಭೇದಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ತರುವುದು ಮೈಯಿಂದ ಹೋಗುವ ನೀರು ಮತ್ತು ಉಪ್ಪು. ಭೇದಿಯನ್ನು ಕಟ್ಟಿ ನಿಲ್ಲಿಸುವ ಔಷಧಿ ಇಲ್ಲ. ಹೋದ ನೀರನ್ನು ವಾಪಸ್ ತುಂಬುವುದು ಮಾತ್ರ ನಮ್ಮ ಕೈಯಲ್ಲಿದೆ.

ಆ ರಾತ್ರಿ ಫೋನಿನಲ್ಲಿ ಮಗಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಎರಡು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಇದು. ಎರಡು ತಿಂಗಳೊಳಗಿನ ಕೂಸಿಗೆ ವಾಂತಿ ಭೇದಿ ಆದರೆ ಇದನ್ನು ಓದುತ್ತಾ ಕೂರಬೇಡಿ. ಎದೆಹಾಲು ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ವೈರಸ್ಸೇ ಅಂತ ಗುರುತು ಹಿಡಿಯುವುದು

ಮೊದಲು ವಾಂತಿ. ಅದರ ಜೊತೆಗೇ ಸಣ್ಣ ಜ್ವರ. ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಭೇದಿ ಶುರು. ನೀರು ನೀರಾಗಿ, ಹಳದಿಗೋ ಹಸಿರಿಗೋ ಹೋಗುತ್ತದೆ, ಹುಳಿ ವಾಸನೆ ಇರುತ್ತದೆ, ರಕ್ತ ಇರುವುದಿಲ್ಲ. ವಾಂತಿ ಒಂದೆರಡು ದಿನಕ್ಕೆ ನಿಲ್ಲುತ್ತದೆ. ಭೇದಿ ಐದಾರು ದಿನ, ಕೆಲವು ಮಕ್ಕಳಲ್ಲಿ ಒಂದು ವಾರ ಎಳೆಯುತ್ತದೆ. ರೋಟಾ ವೈರಸ್ಸಿನ ನಡೆ ಇದು. ಚಿನ್ನುವಿಗೂ ಹೀಗೇ ಆಗಿತ್ತು. ಶನಿವಾರ ರಾತ್ರಿ ಮೂರು ವಾಂತಿ, ಭಾನುವಾರ 100 ಡಿಗ್ರಿ ಜ್ವರ, ಸಂಜೆಯಿಂದ ಭೇದಿ. ಅವನಿಗಾಗ 11 ತಿಂಗಳು. ಆರು ತಿಂಗಳಿಂದ ಎರಡು ವರ್ಷದ ಮಕ್ಕಳನ್ನೇ ಇದು ಜಾಸ್ತಿ ಹಿಡಿಯುವುದು. ನಮ್ಮ ಕಡೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಯಲ್ಲಿ ಇದರ ಕಾಟ ಹೆಚ್ಚು. ಹಳೆಯ ದಿನಗಳಲ್ಲಿ ಸಂಕ್ರಾಂತಿ ಹೊತ್ತಿಗೆ ನಮ್ಮ ವಾರ್ಡಿನಲ್ಲಿ ಒಂದು ಮಂಚಕ್ಕೆ ಎರಡು ಮಕ್ಕಳನ್ನು ಮಲಗಿಸುತ್ತಿದ್ದೆವು.

ಮನೆಯಲ್ಲಿ ದೊಡ್ಡವರು, ಚಿಕ್ಕವರು ಅಂತಿಲ್ಲದೆ ಒಂದೇ ದಿನ ಎಲ್ಲರೂ ವಾಂತಿ ಮಾಡಿಕೊಂಡು, ಎರಡು ಮೂರು ದಿನಕ್ಕೆ ಎಲ್ಲರೂ ಎದ್ದು ಕೂತರೆ ಅದು ನೋರೋ ವೈರಸ್ ಇರಬಹುದು. ಅಡಿನೋ ವೈರಸ್ಸಿನ ಭೇದಿ ಸ್ವಲ್ಪ ಉದ್ದಕ್ಕೆ ಹೋಗುತ್ತದೆ. ಆದರೆ ಯಾವ ವೈರಸ್ಸು ಅಂತ ತಿಳಿದು ನಿಮಗೆ ಆಗಬೇಕಾದ್ದೇನೂ ಇಲ್ಲ. ಮಾಡುವ ಆರೈಕೆ ಎಲ್ಲಕ್ಕೂ ಒಂದೇ.

ಹಾಗಾಗಿ ಕಕ್ಕದ ಪರೀಕ್ಷೆ ಮಾಡಿಸಲೇಬೇಕು ಅಂತ ಹಟ ಹಿಡಿಯಬೇಡಿ. ಆ ವರದಿಯಲ್ಲಿ "ಪಸ್ ಸೆಲ್ಸ್ 4-6" ಅಂತ, ಅಂದರೆ ಕೀವಿನ ಕಣಗಳ ಲೆಕ್ಕ, ಒಂದು ಸಾಲು ಬರುತ್ತದೆ. ಅದನ್ನು ನೋಡಿ ಅಪ್ಪ ಅಮ್ಮ ಹೆದರುತ್ತಾರೆ, ಆಂಟಿಬಯಾಟಿಕ್ ಸಿರಪ್ ಮನೆಗೆ ಬರುತ್ತದೆ. ವೈರಸ್ಸಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಮಾಡುವುದೇನಿದ್ದರೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯಿಸಿ ಭೇದಿಯನ್ನು ಇನ್ನೆರಡು ದಿನ ಉದ್ದ ಮಾಡಬಹುದು ಅಷ್ಟೇ.

"ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಅನ್ನುವ ಮಾತು ಇದೆಯಲ್ಲ, ಅದನ್ನು ಸಾವಿರ ಸಲ ಕೇಳಿದ್ದೇನೆ. ಹಲ್ಲು ಬರುವ ವಯಸ್ಸೂ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸೂ ಒಂದೇ. ಚಪ್ಪಲಿ, ರಿಮೋಟು, ಅಪ್ಪನ ಮೊಬೈಲು, ಯಾವುದೂ ಬಿಡುವುದಿಲ್ಲ. ತಪ್ಪು ಹಲ್ಲಿನದಲ್ಲ.

ಎದೆಹಾಲು ಮಾತ್ರ ಕುಡಿಯುವ ಕೂಸು ದಿನಕ್ಕೆ ಏಳೆಂಟು ಸಲ ಅರಿಶಿನ ಬಣ್ಣದಲ್ಲಿ ತೆಳ್ಳಗೆ ಮಾಡಿ, ನಗುತ್ತಾ ಆಡಿಕೊಂಡು, ತೂಕ ಏರುತ್ತಿದ್ದರೆ ಅದು ಭೇದಿಯೇ ಅಲ್ಲ. ಅದಕ್ಕೆ ಯಾವ ಔಷಧಿಯೂ ಬೇಡ.

ಈಗ ವೈರಸ್ಸಿನದಲ್ಲದ, ಸುಮ್ನೆ ಬಿಡಬಾರದ ಗುರುತುಗಳು. ಕಕ್ಕದಲ್ಲಿ ರಕ್ತ ಕಂಡರೆ ಅದು ಆಮಶಂಕೆ ಇರಬಹುದು. ಅದಕ್ಕೆ ಬೇರೆ ಔಷಧಿ ಬೇಕು, ಅಲ್ಲಿ ಆಂಟಿಬಯಾಟಿಕ್ ಕೂಡ ಬೇಕಾಗುತ್ತದೆ. ಅಕ್ಕಿ ತೊಳೆದ ನೀರಿನ ಹಾಗೆ ಲೋಟಗಟ್ಟಲೆ ಹೋದರೆ ಕಾಲರಾ ಅಂತ ಅನುಮಾನ ಪಡಬೇಕು. ಮಗು ಇದ್ದಕ್ಕಿದ್ದಂತೆ ಕಾಲು ಮಡಚಿಕೊಂಡು ಚೀರಿ, ಆಮೇಲೆ ಸುಸ್ತಾಗಿ ಸುಮ್ಮನಾಗಿ, ಹತ್ತಿಪ್ಪತ್ತು ನಿಮಿಷಕ್ಕೆ ಮತ್ತೆ ಚೀರಿದರೆ, ಕಕ್ಕ ಕೆಂಪು ಜೆಲ್ಲಿಯಂತೆ ಬಂದರೆ, ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡಿರಬಹುದು. ವಾಂತಿ ಎಲೆಹಸಿರು ಬಣ್ಣದಲ್ಲಿದ್ದು ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೂ ಅಷ್ಟೇ ಅವಸರ. ಭೇದಿಯೇ ಇಲ್ಲದೆ ಬರೀ ವಾಂತಿ ಮತ್ತು ಜ್ವರ ಒಂದು ದಿನ ಮೀರಿದರೆ ಮೂತ್ರದ ಸೋಂಕೋ ಇನ್ನೇನೋ ಇರಬಹುದು, ಡಾಕ್ಟರೇ ನೋಡಬೇಕು.

ಮಗು ಎಷ್ಟು ಒಣಗಿದೆ?

ಇದನ್ನು ಸರಿಯಾಗಿ ನೋಡಲು ಕಲಿತರೆ ಅರ್ಧ ಭಯ ಹೋಗುತ್ತದೆ. ಯಾವ ಉಪಕರಣವೂ ಬೇಡ. ನಾಲ್ಕು ವಿಷಯ ನೋಡಬೇಕು. ಆ ರಾತ್ರಿ ವಿಡಿಯೋ ಕಾಲ್ ಹಾಕಿಸಿ ಮಗಳ ಕೈಯಲ್ಲೇ ಮಾಡಿಸಿದೆ.

ಮೊದಲು ಮಗು ಹೇಗಿದೆ ಅಂತ. ಆಡಿಕೊಂಡಿದೆಯೋ, ಕಿರಿಕಿರಿ ಮಾಡುತ್ತಾ ಯಾರ ಕೈಗೂ ನಿಲ್ಲುತ್ತಿಲ್ಲವೋ, ಇಲ್ಲ ತೂಕಡಿಸುತ್ತಾ ಎಬ್ಬಿಸಿದರೂ ಏಳುತ್ತಿಲ್ಲವೋ. ಕಿರಿಕಿರಿ ಮಾಡುವ ಮಗುವಿಗಿಂತ ಸುಮ್ಮನಾಗಿಬಿಟ್ಟ ಮಗು ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. "ಪಾಪ, ಈಗ ನಿದ್ದೆ ಬಂತು" ಅಂತ ಬಟ್ಟೆ ಹೊದಿಸಿ ಮಲಗಿಸಿದ ಮಕ್ಕಳನ್ನು ಬೆಳಗಿನ ಜಾವ ವಾರ್ಡಿಗೆ ಹೊತ್ತು ತಂದದ್ದನ್ನು ನೋಡಿದ್ದೇನೆ.

ಆಮೇಲೆ ಕಣ್ಣು. ಗುಳಿ ಬಿದ್ದಿದೆಯೇ? ನಿಮಗೆ ಅನುಮಾನ ಇದ್ದರೆ ಫೋನಿನಲ್ಲಿರುವ ಹೋದ ವಾರದ ಫೋಟೋ ಪಕ್ಕದಲ್ಲಿಟ್ಟು ನೋಡಿ. ನಮ್ಮ ಕಾಲದಲ್ಲಿ "ಇವನ ಕಣ್ಣು ಯಾವಾಗಲೂ ಹೀಗೇ ಇರುತ್ತಾ?" ಅಂತ ತಾಯಿಯನ್ನೇ ಕೇಳುತ್ತಿದ್ದೆವು.

ಮೂರನೆಯದು ಬಾಯಾರಿಕೆ. ಒಂದು ಚಮಚ ನೀರು ತುಟಿಗಿಡಿ. ಎಂದಿನಂತೆ ಕುಡಿದರೆ ಸರಿ. ಚಮಚವನ್ನೇ ಕಚ್ಚಿ ಹಿಡಿದು, ಲೋಟಕ್ಕೆ ಕೈ ಚಾಚಿ, ತೆಗೆದರೆ ಅತ್ತರೆ ಮೈ ಒಣಗುತ್ತಿದೆ. ಕುಡಿಯಲು ಶಕ್ತಿಯೇ ಇಲ್ಲದೆ ನೀರು ಕಟಬಾಯಿಯಿಂದ ಸುರಿದು ಹೋದರೆ ತುಂಬಾ ಒಣಗಿದೆ.

ನಾಲ್ಕನೆಯದು ಚರ್ಮ. ಹೊಕ್ಕುಳಿಗೂ ಹೊಟ್ಟೆಯ ಪಕ್ಕಕ್ಕೂ ನಡುವಿನ ಜಾಗದಲ್ಲಿ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮಡಿಕೆಯಾಗಿ ಹಿಡಿದು ಒಂದು ಕ್ಷಣ ಎತ್ತಿ ಬಿಡಿ. ಮಡಿಕೆ ಮೈಯ ಉದ್ದಕ್ಕೆ ಇರಬೇಕು, ಅಡ್ಡಡ್ಡ ಅಲ್ಲ. ಉಗುರು ತಾಗಬಾರದು. ಬಿಟ್ಟ ಕೂಡಲೇ ಚರ್ಮ ಮೊದಲಿನಂತಾದರೆ ಚಿಂತೆಯಿಲ್ಲ. ನಿಧಾನಕ್ಕೆ ಇಳಿದರೆ ಒಣಗಿದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ಹಾಗೇ ನಿಂತಿದ್ದರೆ ತುಂಬಾ ಒಣಗಿದೆ. ಗುಂಡು ಗುಂಡಾದ ಮಗುವಿನಲ್ಲಿ ಮತ್ತು ತೀರಾ ಬಡಕಲಾದ ಮಗುವಿನಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ, ನೆನಪಿರಲಿ.

ಕಿರಿಕಿರಿ, ಗುಳಿಬಿದ್ದ ಕಣ್ಣು, ಆತುರದ ಬಾಯಾರಿಕೆ, ನಿಧಾನಕ್ಕೆ ಇಳಿಯುವ ಚರ್ಮ, ಇವುಗಳಲ್ಲಿ ಎರಡು ಇದ್ದರೆ ಸ್ವಲ್ಪ ಮಟ್ಟಿಗೆ ಒಣಗಿದೆ ಅಂತ. ಅದಕ್ಕೆ ಓಆರ್‌ಎಸ್, ಅಂದರೆ ಉಪ್ಪು ಮತ್ತು ಗ್ಲೂಕೋಸ್ ಪುಡಿ ಕಲಸಿದ ನೀರು, ಸಾಕು, ಆದರೆ ಆರೋಗ್ಯ ಕೇಂದ್ರದವರೋ ಡಾಕ್ಟರೋ ಒಮ್ಮೆ ನೋಡುವುದು ಒಳ್ಳೆಯದು. ಏಳದಿರುವುದು, ಗುಳಿಬಿದ್ದ ಕಣ್ಣು, ಕುಡಿಯಲಾಗದಿರುವುದು, ನಿಂತೇ ಇರುವ ಚರ್ಮ, ಇವುಗಳಲ್ಲಿ ಎರಡು ಇದ್ದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಅಲ್ಲಿ ರಕ್ತನಾಳದ ಮೂಲಕವೇ ನೀರು ಹೋಗಬೇಕು. ದಾರಿಯಲ್ಲಿ ಮಗು ನುಂಗುವ ಸ್ಥಿತಿಯಲ್ಲಿದ್ದರೆ ಚಮಚದಲ್ಲಿ ಓಆರ್‌ಎಸ್ ಹಾಕುತ್ತಲೇ ಇರಿ.

ಉಚ್ಚೆಯ ವಿಷಯಕ್ಕೆ ಬರುತ್ತೇನೆ. ಡೈಪರ್ ಹಾಕಿದ್ದರೆ ನೀರು ಭೇದಿಯೂ ಉಚ್ಚೆಯೂ ಒಂದರಲ್ಲೊಂದು ಸೇರಿ ಏನೂ ತಿಳಿಯುವುದಿಲ್ಲ. ನನ್ನ ಮಗಳಿಗೆ ಉತ್ತರ ಹೊಳೆಯದಿದ್ದುದು ಅದಕ್ಕೇ. ಡೈಪರ್ ಬಿಚ್ಚಿ ಹಳೆಯ ಹತ್ತಿ ಪಂಚೆ ಹರಿದು ಕಟ್ಟಿಸಿದೆ. ಮುಂದುಗಡೆ ಒದ್ದೆಯೋ ಹಿಂದುಗಡೆ ಒದ್ದೆಯೋ ಗೊತ್ತಾಗಬೇಕು. ಆರು ಗಂಟೆ ಉಚ್ಚೆ ಇಲ್ಲ ಅಂದರೆ ಆಸ್ಪತ್ರೆಗೆ ಹೋಗಬೇಕು.

ಚಿನ್ನು ಆ ಹೊತ್ತಿಗೆ ಕಿರಿಕಿರಿ ಮಾಡುತ್ತಿದ್ದ, ಚಮಚಕ್ಕೆ ಹಾರಿ ಬೀಳುತ್ತಿದ್ದ. ಚರ್ಮ ಸರಿಯಾಗಿತ್ತು. ಅಂದರೆ ಸ್ವಲ್ಪ ಒಣಗಿದ್ದ.

ಓಆರ್‌ಎಸ್ ಕಲಸುವುದು

ಅಳಿಯ ಹತ್ತಿರದ ಒಂದು ಮೆಡಿಕಲ್ ಶಾಪಿನಿಂದ ಸಂಜೆಯೇ ಓಆರ್‌ಎಸ್ ತಂದಿದ್ದರು. "ತೋರಿಸಿ" ಅಂದೆ. ಕಿತ್ತಳೆ ಬಣ್ಣದ ಚಿಕ್ಕ ಪೆಟ್ಟಿಗೆ, ಸ್ಟ್ರಾ ಬೇರೆ. ಹೆಸರಿನಲ್ಲಿ ಓಆರ್‌ಎಸ್ ಅಂತ ದೊಡ್ಡದಾಗಿತ್ತು, ಒಳಗಿದ್ದದ್ದು ಸಕ್ಕರೆ ಪಾನಕ. ಅದನ್ನು ಕುಡಿದ ಮೇಲೆ ಭೇದಿ ಜಾಸ್ತಿಯೇ ಆಗಿತ್ತು. ಸಕ್ಕರೆ ಅತಿಯಾದರೆ ಮೈಯೊಳಗಿನ ನೀರನ್ನೂ ಕರುಳಿಗೆ ಎಳೆದು ಹೊರಗೆ ಹಾಕುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇಂಥ ಪೆಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಅದೇ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐ, ಸರಿಯಾದ ಸೂತ್ರವಿಲ್ಲದ ಪಾನೀಯದ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಬಾರದು ಅಂತ ಆದೇಶ ಮಾಡಿತು. ನೀವು ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯೇ ನೋಡಿ. ಒಂದು ಲೀಟರಿನ ಪೊಟ್ಟಣ ಸುಮಾರು 20.5 ಗ್ರಾಂ ಇರುತ್ತದೆ. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಉಳಿದದ್ದು ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣ. ಆಶಾ ಕಾರ್ಯಕರ್ತೆಯ ಹತ್ತಿರ, ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ.

ಸಕ್ಕರೆ ಜಾಸ್ತಿಯಾದರೆ ಕೆಡುಕು ಅಂದ ಮೇಲೆ ಗ್ಲೂಕೋಸ್ ಯಾಕೆ ಹಾಕುತ್ತಾರೆ ಅಂತ ಕೇಳಬಹುದು. ಕರುಳಿನ ಗೋಡೆಯಲ್ಲಿ ಉಪ್ಪು ಮತ್ತು ಸಕ್ಕರೆ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲುಗಳಿವೆ. ಜೋಡಿಯಾಗಿ ಅವು ಒಳಗೆ ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ವೈರಸ್ಸು ಕರುಳಿನ ಒಳಮೈಯನ್ನು ಅಲ್ಲಲ್ಲಿ ಕೆರೆದು ಹಾಕಿದರೂ ಈ ಬಾಗಿಲುಗಳು ಸಾಕಷ್ಟು ಉಳಿದಿರುತ್ತವೆ. ಬರೀ ನೀರು ಕೊಟ್ಟರೆ ಉಪ್ಪು ತುಂಬುವುದಿಲ್ಲ. ಬರೀ ಗ್ಲೂಕೋಸ್ ಪುಡಿ ಕೊಟ್ಟರೂ ಅಷ್ಟೇ.

ಕಲಸುವುದರಲ್ಲೇ ಮುಕ್ಕಾಲು ಜನ ತಪ್ಪು ಮಾಡುತ್ತಾರೆ. ಒಂದು ಲೋಟ ನೀರಿಗೆ ಒಂದು ಚಿಟಿಕೆ ಪುಡಿ, ಉಳಿದದ್ದು ಮಡಚಿ ಡಬ್ಬಿಗೆ. ಹಾಗೆ ಮಾಡಬೇಡಿ. ಪೊಟ್ಟಣ ಪೂರ್ತಿ, ನೀರೂ ಪೂರ್ತಿ ಒಂದು ಲೀಟರ್. ನಿಮ್ಮ ಮನೆಯ ಚೊಂಬು ಒಂದು ಲೀಟರ್ ಅಂತ ನಂಬಬೇಡಿ. ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿಯಲ್ಲೇ ಅಳೆಯಿರಿ. 200 ಎಂ.ಎಲ್. ನೀರಿಗೆ ಅಂತ ಸಣ್ಣ ಪೊಟ್ಟಣಗಳೂ ಬರುತ್ತವೆ, ಹರಿಯುವ ಮೊದಲು ಓದಿ. ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಕಲಸಿದ ಮೇಲೆ ಕುದಿಸಬಾರದು. ಸಕ್ಕರೆ, ನಿಂಬೆ, ಹಾಲು, ಏನೂ ಸೇರಿಸಬಾರದು. ಕಲಸಿದ ಹೊತ್ತನ್ನು ಬಾಟಲಿ ಮೇಲೆ ಪೆನ್ನಿನಲ್ಲಿ ಬರೆದಿಡಿ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಒಂದು ಚಮಚ ನೀವೇ ಕುಡಿದು ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು.

ಪೊಟ್ಟಣ ಸಿಗದ ನಡುರಾತ್ರಿಯಲ್ಲಿ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ತುಂಬಿ ಗುಡ್ಡೆಯಾಗಿರಬಾರದು, ಬೆರಳಿನಿಂದ ಸವರಿ ಮಟ್ಟ ಮಾಡಿರಬೇಕು. ಉಪ್ಪು ಕೈ ತಪ್ಪಿದರೆ ಅಪಾಯ. ಪೊಟ್ಟಣ ಸಿಕ್ಕ ಕೂಡಲೇ ಇದನ್ನು ಬಿಡಿ.

"ವಾಂತಿ ಮಾಡ್ತಾನೆ, ಹೇಗೆ ಕುಡಿಸಲಿ?"

ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ ಇದು. ಉತ್ತರ ಚಮಚದಲ್ಲಿದೆ. ಬಾಯಾರಿದ ಮಗುವಿಗೆ ಬಾಟಲಿ ಕೊಟ್ಟರೆ ಗಟಗಟ ಕುಡಿದು ಅಷ್ಟನ್ನೂ ಕಕ್ಕುತ್ತದೆ. ಐದು ಎಂ.ಎಲ್. ಹೊಟ್ಟೆಗೆ ಹೋದದ್ದು ಹೊಟ್ಟೆಗೇ ತಿಳಿಯುವುದಿಲ್ಲ.

ಸ್ವಲ್ಪ ಒಣಗಿದ ಮಗುವಿಗೆ ಮೊದಲ ನಾಲ್ಕು ಗಂಟೆಯಲ್ಲಿ ಒಂದು ಕೆ.ಜಿ. ತೂಕಕ್ಕೆ 75 ಎಂ.ಎಲ್. ಹೋಗಬೇಕು. ತೂಕ ಗೊತ್ತಿಲ್ಲದಿದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಚಿನ್ನು 8 ಕೆ.ಜಿ. ಇದ್ದ. 8 ಸಲ 75 ಅಂದರೆ 600 ಎಂ.ಎಲ್. ಐದು ಎಂ.ಎಲ್. ಚಮಚದಲ್ಲಿ 120 ಚಮಚ. ನಾಲ್ಕು ಗಂಟೆಗೆ 240 ನಿಮಿಷ. ಎರಡು ನಿಮಿಷಕ್ಕೊಂದು ಚಮಚ! ಗಡಿಯಾರ ಎದುರಿಗಿಟ್ಟುಕೊಂಡು ಕೂತರೆ ಆಗುವ ಕೆಲಸ. ಮನೆಯ ಚಮಚದ ಅಳತೆ ಗೊತ್ತಿಲ್ಲದಿದ್ದರೆ ಜ್ವರದ ಸಿರಪ್ಪಿನ ಮುಚ್ಚಳದಲ್ಲಿ ಐದರ ಗೆರೆ ಇರುತ್ತದೆ, ಅದಕ್ಕೆ ಸುರಿದು ನೋಡಿ.

ಬೀಗಿತ್ತಿಯವರು ಒಳಲೆ, ಅಂದರೆ ಕೂಸಿಗೆ ಹಾಲು ಹೊಯ್ಯುವ ಮೂತಿಯ ಬಟ್ಟಲು, ತೆಗೆದಿಟ್ಟಿದ್ದರು. ಒಳ್ಳೆಯದೇ, ಬಾಟಲಿಗಿಂತ ಸಾವಿರ ಪಾಲು ಮೇಲು. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ ತೆಗೆಯಬೇಕು. ಆದರೆ ನಮ್ಮ ಅಜ್ಜಿಯರ ಹಾಗೆ ಮಗುವನ್ನು ಕಾಲ ಮೇಲೆ ಮಲಗಿಸಿ, ಮೂಗು ಹಿಡಿದು ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಹೋದರೆ ಹೊಸ ಕಾಯಿಲೆ. ತೊಡೆ ಮೇಲೆ ಎತ್ತರಕ್ಕೆ ಕೂರಿಸಿಕೊಂಡು, ಕೆನ್ನೆಯ ಒಳಗಡೆಗೆ ಸ್ವಲ್ಪ ಸ್ವಲ್ಪ.

ವಾಂತಿ ಆದರೆ ಹತ್ತು ನಿಮಿಷ ಬಿಡಿ. ಮತ್ತೆ ಶುರು ಮಾಡಿ, ಇನ್ನೂ ನಿಧಾನ, ಮೂರು ನಿಮಿಷಕ್ಕೊಂದು ಚಮಚ. ನಡುವೆ ಎದೆಹಾಲು ಕೇಳಿದರೆ ಕೊಡಿ. ನಾಲ್ಕು ಗಂಟೆ ಆದ ಮೇಲೆ ಆ ನಾಲ್ಕು ಗುರುತುಗಳನ್ನು ಮತ್ತೆ ನೋಡಿ. ಕಣ್ಣ ರೆಪ್ಪೆ ಊದಿಕೊಂಡಂತೆ ಕಂಡರೆ ಹೆಚ್ಚಾಗಿದೆ ಅಂತ. ಓಆರ್‌ಎಸ್ ನಿಲ್ಲಿಸಿ ಎದೆಹಾಲು, ನೀರು ಕೊಡಿ.

ಮಗಳು ಮತ್ತು ಅಳಿಯ ಅರ್ಧ ಅರ್ಧ ಗಂಟೆ ಪಾಳಿ ಹಾಕಿಕೊಂಡರು. ಎರಡು ಸಲ ವಾಂತಿ ಆಯಿತು. ನಾನು ಈ ಕಡೆ ಬಸ್ಸಿಗೆ ಬಟ್ಟೆ ತುಂಬಿಕೊಳ್ಳುತ್ತಿದ್ದೆ. ಐದೂವರೆಗೆ ಮಗಳು ಒಂದು ಫೋಟೋ ಕಳಿಸಿದಳು. ಮುಂದುಗಡೆ ಒದ್ದೆಯಾದ ಪಂಚೆ ತುಂಡು. ಅವಳ ಮದುವೆ ಫೋಟೋ ನೋಡಿಯೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ.

ನೀರು ತುಂಬಿದ ಮೇಲೂ ಭೇದಿ ಹೋಗುತ್ತಲೇ ಇರುತ್ತದೆ. ಆಗ ಪ್ರತಿ ಭೇದಿಗೂ ಎರಡು ವರ್ಷದೊಳಗಿನವರಿಗೆ 50ರಿಂದ 100 ಎಂ.ಎಲ್., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಎಂ.ಎಲ್. ಓಆರ್‌ಎಸ್. ಒಣಗಿದ ಗುರುತೇ ಇಲ್ಲದ ಮಗುವಿಗೆ ಮೊದಲಿಂದಲೂ ಇಷ್ಟೇ ಸಾಕು.

"ಒಂದು ಡ್ರಿಪ್ ಹಾಕಿಸಿಬಿಡೋಣ ಸಿಸ್ಟರ್, ಬೇಗ ಸುಧಾರಿಸುತ್ತೆ" ಅನ್ನುವವರಿಗೆ ನಾನೊಂದು ಕಥೆ ಹೇಳುತ್ತಿದ್ದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿಕೊಂಡಾಗ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಬಿಸ್ ಅನ್ನುವ ಮಕ್ಕಳ ವೈದ್ಯರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅಲ್ಲಿ ಕುಡಿಸಿದವರು ಡಾಕ್ಟರುಗಳಲ್ಲ, ಅಕ್ಕ ತಂಗಿಯರು, ಅಮ್ಮಂದಿರು.

ಔಷಧಿ ಅಂತ ಕೊಡುವುದು

ಭೇದಿಗೆ ಜಿಂಕ್ ಒಂದೇ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳ ಮಗುವಿಗೆ 10 ಮಿ.ಗ್ರಾಂ., ಅಂದರೆ ಅರ್ಧ ಮಾತ್ರೆ. 14 ದಿನ. ಚಮಚದಲ್ಲಿ ಎದೆಹಾಲೋ ಕುದಿಸಿ ಆರಿಸಿದ ನೀರೋ ಹಾಕಿ ಮಾತ್ರೆ ಬಿಟ್ಟರೆ ತಾನೇ ಕರಗುತ್ತದೆ. ಭೇದಿ ನಿಂತ ದಿನವೇ ಎಲ್ಲರೂ ಮಾತ್ರೆಯನ್ನೂ ನಿಲ್ಲಿಸುತ್ತಾರೆ. 14ನೇ ದಿನದವರೆಗೂ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಆಗುವುದು ಕಡಿಮೆ. ಮಗಳು ಎಂಟನೇ ದಿನ ಮರೆತಿದ್ದಳು. ಮಾತ್ರೆ ಪಟ್ಟಿಯ ಫೋಟೋ ತರಿಸಿ ಎಣಿಸಿದ್ದಕ್ಕೆ ಸಿಕ್ಕಿಬಿದ್ದಳು.

ಜ್ವರ ಇದ್ದು ಮಗು ಒದ್ದಾಡುತ್ತಿದ್ದರೆ ಪ್ಯಾರಾಸಿಟಮಾಲ್. ಕೆ.ಜಿ.ಗೆ 15 ಮಿ.ಗ್ರಾಂ., ಬೇಕಿದ್ದರೆ ಆರು ಗಂಟೆಗೊಮ್ಮೆ. ಇಲ್ಲೊಂದು ಎಚ್ಚರಿಕೆ. ಐದು ಎಂ.ಎಲ್.ಗೆ 120 ಮಿ.ಗ್ರಾಂ. ಇರುವ ಸಿರಪ್ ಇದೆ, 250 ಇರುವುದೂ ಇದೆ. ಡ್ರಾಪ್ಸ್ ಆದರೆ ಒಂದೇ ಎಂ.ಎಲ್.ಗೆ 100. ಅಕ್ಕನ ಮಗುವಿಗೆ ಕೊಟ್ಟಷ್ಟೇ ತಮ್ಮನ ಮಗುವಿಗೂ ಅಂತ ಅಂದಾಜಿನಲ್ಲಿ ಹಾಕಬೇಡಿ, ಲೇಬಲ್ ಓದಿ. ಮೈ ಒಣಗಿರುವಾಗ ಐಬುಪ್ರೊಫೆನ್ ಬೇಡ, ಮೂತ್ರಪಿಂಡಕ್ಕೆ ಕಷ್ಟ.

ವಾಂತಿ ನಿಲ್ಲದೆ ಚಮಚದ ಓಆರ್‌ಎಸ್ ಕೂಡ ನಿಲ್ಲದಿದ್ದರೆ ಡಾಕ್ಟರು ವಾಂತಿಗೆ ಒಂದು ಡೋಸ್ ಔಷಧಿ ಕೊಡಬಹುದು. ಅದು ಅವರ ತೀರ್ಮಾನ, ನಿಮ್ಮದೂ ಅಲ್ಲ, ಮೆಡಿಕಲ್ ಶಾಪಿನವರದೂ ಅಲ್ಲ. ದೊಡ್ಡವರು ಭೇದಿ ಕಟ್ಟಲು ನುಂಗುವ ಲೋಪೆರಮೈಡ್ ಮಾತ್ರೆಯನ್ನು ಪುಡಿ ಮಾಡಿ ಮಗುವಿಗೆ ಕೊಟ್ಟವರಿದ್ದಾರೆ. ಅದು ಕರುಳಿನ ಓಡಾಟವನ್ನೇ ನಿಲ್ಲಿಸುತ್ತದೆ. ಹೊಟ್ಟೆ ಉಬ್ಬುತ್ತದೆ, ಮಗು ಮಂಕಾಗುತ್ತದೆ.

ಬೀಗಿತ್ತಿಯವರು ಜಾಜಿಕಾಯಿ ತೇಯ್ದು ನೆಕ್ಕಿಸೋಣ ಅಂದರು. ನಮ್ಮಮ್ಮನೂ ಹಾಕುತ್ತಿದ್ದರು, ಹಾಗಾಗಿ ಅವರನ್ನು ಬೈಯುವ ಮನಸ್ಸಿಲ್ಲ. "ಬೀಗ್ರೇ, ಜಾಜಿಕಾಯಿಗೆ ಮಂಪರು ಬರುತ್ತೆ. ಆಮೇಲೆ ಮಗು ಮಲಗಿರೋದು ನಿದ್ದೆಗಾ, ನೀರು ಕಮ್ಮಿಯಾಗಿದ್ದಕ್ಕಾ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಅಂದೆ. ಒಪ್ಪಿಕೊಂಡರು. ದೃಷ್ಟಿ ತೆಗೆದರು, ಅದಕ್ಕೆ ನನ್ನ ಅಡ್ಡಿ ಇಲ್ಲ. ಮೆಣಸಿನಕಾಯಿ ಸುಡುವ ಹೊತ್ತಿನಲ್ಲೂ ಎರಡು ನಿಮಿಷಕ್ಕೊಂದು ಚಮಚ ನಡೆದಿತ್ತು. ಹೊಟ್ಟೆಗೆ ಬರೆ ಎಳೆಸಿಕೊಂಡು ಬಂದ ಮಕ್ಕಳನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ.

ಊಟ ನಿಲ್ಲಿಸಬೇಡಿ

"ಹೊಟ್ಟೆಗೆ ರೆಸ್ಟ್ ಕೊಡೋಣ" ಅನ್ನುವುದು ಹಳೆಯ ತಪ್ಪು. ಕರುಳಿನ ಒಳಮೈ ಹೊಸದಾಗಿ ಬೆಳೆಯಲು ಆಹಾರ ಬೇಕು. ಎದೆಹಾಲು ಇನ್ನೂ ಜಾಸ್ತಿ ಸಲ ಕೊಡಿ. ಆರು ತಿಂಗಳೊಳಗಿನ ಮಗುವಿಗೆ ಎದೆಹಾಲು ಮತ್ತು ಓಆರ್‌ಎಸ್ ಬಿಟ್ಟು ಬೇರೇನೂ ಬೇಡ. ದೊಡ್ಡ ಮಗುವಿಗೆ ಉಪ್ಪು ಹಾಕಿದ ಅಕ್ಕಿ ಗಂಜಿ, ಹೆಸರುಬೇಳೆ ಕಿಚಡಿ, ಮೊಸರನ್ನ, ಮೆತ್ತಗಿನ ಇಡ್ಲಿ, ಹಿಸುಕಿದ ಬಾಳೆಹಣ್ಣು, ರಾಗಿ ಸರಿ. ಸ್ವಲ್ಪ ತುಪ್ಪ ಹಾಕಿದರೆ ಕೆಡುವುದಿಲ್ಲ. ಒಂದು ಬಟ್ಟಲು ತಿನ್ನಲಿ ಅಂತ ಕಾಯದೆ ಗಂಟೆ ಎರಡು ಗಂಟೆಗೆ ನಾಲ್ಕು ತುತ್ತು. ದಿನವೂ ಕುಡಿಯುವ ಹಾಲನ್ನು ನೀರು ಬೆರೆಸಿ ತೆಳು ಮಾಡುವ ಅಗತ್ಯ ಇಲ್ಲ. ಎಳನೀರು, ಮಜ್ಜಿಗೆ ನಡುನಡುವೆ ಆಗಬಹುದು. ಆದರೆ ಎಳನೀರಿನಲ್ಲಿ ಉಪ್ಪಿನಂಶ ಸಾಲದು, ಅದು ಓಆರ್‌ಎಸ್ ಜಾಗಕ್ಕೆ ಬರುವುದಿಲ್ಲ. ಪ್ಯಾಕೆಟ್ ಜ್ಯೂಸು, ಸೋಡಾ ಪಾನೀಯ ಬೇಡವೇ ಬೇಡ.

ಕೆಲವು ಮಕ್ಕಳಿಗೆ ವಾರ ಕಳೆದರೂ ಹಾಲು ಕುಡಿದ ಮೇಲೆ ನೊರೆ ನೊರೆ ಭೇದಿ ಆಗಿ, ಕೂರುವ ಜಾಗ ಕೆಂಪಗೆ ಸುಟ್ಟಂತೆ ಆಗುತ್ತದೆ. ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಸ್ವಲ್ಪ ದಿನ ಕುಗ್ಗಿರುತ್ತದೆ, ಅಷ್ಟೇ. ಎದೆಹಾಲು ಬಿಡಿಸಬೇಡಿ. ಹಸುವಿನ ಹಾಲನ್ನು ಕೆಲ ದಿನ ಮೊಸರು ಮಾಡಿ ಕೊಡಿ. ಆದರೆ ಭೇದಿ 14 ದಿನ ಮುಟ್ಟಿದರೆ ಡಾಕ್ಟರು ತಪಾಸಣೆ ಮಾಡಲೇಬೇಕು. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚು ಊಟ ಹಾಕಿ, ಇಳಿದ ತೂಕ ಅದರಲ್ಲೇ ಬರಬೇಕು.

ಲಸಿಕೆ ಮತ್ತು ಸೋಪು

ರೋಟಾ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 6, 10, 14ನೇ ವಾರ, ಬಾಯಿಗೆ ಹಾಕುವುದು. ನಮ್ಮ ಬಾಯಲ್ಲಿ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು. ಕರ್ನಾಟಕಕ್ಕೆ ಇದು ಬಂದದ್ದು 2019ರಲ್ಲಿ. ಮೊದಲ ಡೋಸ್ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಬೀಳಬೇಕು. ಈ ಲಸಿಕೆಯ ಹಿಂದೆ ಬೆಂಗಳೂರಿನದೂ ಒಂದು ಎಳೆ ಇದೆ. 1980ರ ದಶಕದಲ್ಲಿ ರೋಟಾ ಇದ್ದೂ ಭೇದಿ ಆಗದ ನವಜಾತ ಶಿಶುಗಳು ದೆಹಲಿಯಲ್ಲೂ ಬೆಂಗಳೂರಿನಲ್ಲೂ ಕಂಡುಬಂದವು. ಆ ಸಾಧು ವೈರಸ್ಸುಗಳಿಂದಲೇ ಲಸಿಕೆ ಮಾಡಬಹುದಲ್ಲ ಅಂತ ಯೋಚನೆ ಹುಟ್ಟಿತು. ಬೆಂಗಳೂರಿನ ತಳಿ ಪರೀಕ್ಷೆಯಲ್ಲಿ ಹಿಂದೆ ಬಿತ್ತು, ದೆಹಲಿಯದು ಗೆದ್ದು ರೋಟಾವ್ಯಾಕ್ ಆಯಿತು. ಚಿನ್ನುವಿಗೂ ಮೂರು ಡೋಸ್ ಬಿದ್ದಿತ್ತು. "ಮತ್ತೆ ಯಾಕಮ್ಮ ಬಂತು?" ಅಂದಳು ಮಗಳು. ಲಸಿಕೆ ಭೇದಿಯನ್ನೇ ಬರದಂತೆ ಮಾಡುವುದಿಲ್ಲ, ಆಸ್ಪತ್ರೆಗೆ ಸೇರಿಸುವಂಥ ಜೋರು ಭೇದಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ಇನ್ನು ಕೈ. ಕಕ್ಕ ತೊಳೆದ ಮೇಲೆ, ಅಡುಗೆಗೆ ಮೊದಲು, ಓಆರ್‌ಎಸ್ ಕಲಸುವ ಮೊದಲು ಸೋಪು ಹಚ್ಚಿ ಉಜ್ಜಬೇಕು. ಸ್ಯಾನಿಟೈಸರ್ ನಂಬಿ ಕೂರಬೇಡಿ, ನೋರೋ ವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಈ ವೈರಸ್ಸುಗಳು ಆಟಿಕೆ, ಬಾಗಿಲ ಹಿಡಿ, ಮೊಬೈಲಿನ ಮೇಲೆ ದಿನಗಟ್ಟಲೆ ಬದುಕುತ್ತವೆ. ಪಂಚೆ ತುಂಡುಗಳನ್ನು ಬೇರೆಯಾಗಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿದೆ.

ಇದನ್ನೆಲ್ಲ ಅಳಿಯನಿಗೆ ಎರಡು ಸಲ ಹೇಳಿದ್ದೆ. ಬುಧವಾರ ಮಧ್ಯಾಹ್ನ ಅವರಿಗೂ ವಾಂತಿ ಶುರುವಾಯಿತು. "ಅತ್ತೆ, ನನಗೊಂದು ಡ್ರಿಪ್ ಹಾಕಿಸಿದ್ರೆ ಹೇಗೆ?" ಅಂದರು. ಚಿನ್ನುವಿನ ಬಾಟಲಿಯಲ್ಲಿ ಉಳಿದಿದ್ದ ಓಆರ್‌ಎಸ್ಸನ್ನು ಕಾಫಿ ಲೋಟಕ್ಕೆ ಬಗ್ಗಿಸಿ, ಜೊತೆಗೆ ಒಂದು ಚಮಚ ಇಟ್ಟು ಕೊಟ್ಟೆ.